ಹಾರ್ಡಿಂಗ್ ಬರೆದ ಡೇನಿಯಲ್ ಬೂನ್: ಎದುರಿಗೆ ಕೂರಿಸಿ ಬರೆದದ್ದು ಯಾವುದು, ಯಾವುದನ್ನು ಎಷ್ಟು ನಂಬಬಹುದು?

ಹಳೇಪಟ

ಡೇನಿಯಲ್ ಬೂನ್ ಅಂದರೆ ಕೆಂಟಕಿಗೆ ದಾರಿ ಕಡಿದು ಹೆಸರಾದ ಅಮೆರಿಕದ ಬೇಟೆಗಾರ. ಅಮೆರಿಕದ ಕಲಾವಿದ ಚೆಸ್ಟರ್ ಹಾರ್ಡಿಂಗ್ 1820ರಲ್ಲಿ ಬರೆದ ಆತನ ಭಾವಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲೂ ಅದೇ ಕಲಾವಿದ, ಅದೇ ಇಸವಿ, ಅದೇ ಮುದುಕನ ಮುಖ. ಇವೆರಡೂ ಅಲ್ಲದೆ ಅದೇ ವರ್ಷದ ಒಂದು ಅಚ್ಚಿನ ಚಿತ್ರವೂ ಇದೆ. ಅದರಲ್ಲಿ ಬೂನ್ ಪೂರ್ತಿ ನಿಂತಿದ್ದಾನೆ, ಬಂದೂಕು ಇದೆ, ಕಾಲ ಬಳಿ ನಾಯಿ ಇದೆ.

ಕೇಳಬೇಕಾದದ್ದು ಮೂರು. ಇವುಗಳಲ್ಲಿ ಯಾವುದು ಆತನನ್ನು ಎದುರಿಗೆ ಕೂರಿಸಿಕೊಂಡು ಬರೆದದ್ದು? ಹಾಗೆ ಬರೆದದ್ದಕ್ಕೂ ಆಮೇಲೆ ನೋಡಿ ನಕಲು ಮಾಡಿದ್ದಕ್ಕೂ ಬಟ್ಟೆಯ (ಕ್ಯಾನ್ವಾಸಿನ) ಮೇಲೆ ಏನು ವ್ಯತ್ಯಾಸ ಕಾಣುತ್ತದೆ? ಅಭ್ಯಾಸಕ್ಕೆ ಈ ತಲೆಯನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡುವವರು ಯಾವ ಬಣ್ಣಗಳಿಂದ ಶುರು ಮಾಡಬೇಕು?

ಕಾವಿಬಣ್ಣ

ಮೊದಲನೆಯದಕ್ಕೆ ಉತ್ತರ: ಬಾಸ್ಟನ್ನಿನದು. ಅದು ಪೂರ್ತಿಯಾಗದ ತಲೆಚಿತ್ರ. ಬೂನ್ ಬದುಕಿದ್ದಾಗ ಎದುರಿಗೆ ಕೂತು ಬರೆಸಿಕೊಂಡ ಚಿತ್ರ ಎಂದು ಗಟ್ಟಿಯಾಗಿ ಹೇಳಬಹುದಾದದ್ದು ಅದು. ಉಳಿದವನ್ನೆಲ್ಲ ಆ ತಲೆಯ ಆಧಾರದ ಮೇಲೆ ಬೆಳೆಸಿದ್ದು ಎಂದಿಟ್ಟುಕೊಂಡು ನೋಡುವುದು ಒಳ್ಳೆಯದು.

ಸಂದರ್ಭ ಹೀಗೆ. ಹಾರ್ಡಿಂಗ್ (1792–1866) ಹುಟ್ಟಿದ್ದು ಮ್ಯಾಸಚೂಸೆಟ್ಸ್‌ನ ಕಾನ್ವೇಯಲ್ಲಿ. ಗುರುವಿನ ಬಳಿ ಕಲಿತವನಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಅಂಗಡಿ ಬೋರ್ಡ್ ಬರೆಯುತ್ತಾ ಭಾವಚಿತ್ರಕ್ಕೆ ಬಂದವನು. ಕೆಂಟಕಿಯ ಪ್ಯಾರಿಸ್ ಎಂಬ ಊರಿನಲ್ಲಿ ಆರು ತಿಂಗಳಲ್ಲಿ ಸುಮಾರು 100 ತಲೆಗಳನ್ನು ತಲಾ 25 ಡಾಲರಿಗೆ ಬರೆದ ಲೆಕ್ಕ ಅವನ ಆತ್ಮಕಥನದಲ್ಲಿದೆ. 1820ರಲ್ಲಿ ಸೇಂಟ್ ಲೂಯಿಸ್‌ಗೆ ಬಂದ. ಅಲ್ಲಿ ಮೊದಲು ಕೂತವರು ಗವರ್ನರ್ ವಿಲಿಯಂ ಕ್ಲಾರ್ಕ್. ಆ ವರ್ಷದ ಜೂನ್‌ನಲ್ಲಿ ಬೂನ್‌ನನ್ನು ಹುಡುಕಿಕೊಂಡು ನೂರು ಮೈಲಿ ಹೋದ. ಮನೆ ಹತ್ತಿರವಾದಷ್ಟೂ ಜನಕ್ಕೆ ಆ ಹೆಸರು ಗೊತ್ತಿರಲಿಲ್ಲವಂತೆ. ಎರಡು ಮೈಲಿ ದೂರದ ಮನೆಯವನಿಗೂ ಗೊತ್ತಿಲ್ಲ. ಅವನ ಹೆಂಡತಿ, ಹೊಳೆ ಬದಿಯ ತಗ್ಗಿನಲ್ಲಿರುವ ಆ ಬಿಳಿತಲೆಯ ಮುದುಕಪ್ಪನೇ ಇರಬೇಕು ಎಂದು ನೆನಪು ಮಾಡಿಕೊಟ್ಟಳಂತೆ. ಹಾರ್ಡಿಂಗ್ ಒಳಗೆ ಹೋದಾಗ ಬೂನ್ ಬೆಂಕಿಯ ಪಕ್ಕ ಮಂಚದ ಮೇಲೆ ಮಲಗಿಕೊಂಡು, ಬಂದೂಕಿನ ಗಜಕ್ಕೆ ಜಿಂಕೆ ಮಾಂಸದ ಉದ್ದ ಪಟ್ಟಿ ಸುತ್ತಿ, ಉಪ್ಪು ಮೆಣಸು ಉದುರಿಸಿ ಸುಡುತ್ತಿದ್ದ.

ಚಿತ್ರ ಓದುವವರಿಗೆ ಮುಖ್ಯವಾದದ್ದು ಮುಂದಿನ ಮಾತು. ಬೂನ್ ಆಗ ತುಂಬಾ ಬಡಕಲಾಗಿದ್ದ, ಕೂರುವಾಗ ಸ್ನೇಹಿತರೊಬ್ಬರು ಆತನನ್ನು ಹಿಡಿದುಕೊಳ್ಳಬೇಕಾಯಿತು, ಹಾಗಾಗಿ ಆ ತಲೆ ಕೊನೆಗೂ ಪೂರ್ತಿಯಾಗಲಿಲ್ಲ. ಸೆಪ್ಟೆಂಬರ್ 26, 1820ಕ್ಕೆ ಬೂನ್ ತೀರಿಕೊಂಡ. ಚಿತ್ರಕ್ಕೂ ಸಾವಿಗೂ ನಡುವೆ ಮೂರು ತಿಂಗಳ ಅಂತರ. ಕೆನ್ನೆಯ ಗುಳಿ, ಸಡಿಲವಾದ ತುಟಿ, ತೆಳ್ಳಗಾದ ಬಿಳಿಕೂದಲನ್ನು ಆ ಲೆಕ್ಕದಲ್ಲಿ ನೋಡಬೇಕು. ಕೆಂಟಕಿಗೆ ದಾರಿ ಕಡಿದ ನಲವತ್ತರ ಪ್ರಾಯದ ಬೂನ್ ಹೇಗಿದ್ದ ಎಂದು ತೋರಿಸುವ ಚಿತ್ರ ಒಂದೂ ಇಲ್ಲ.

ಇನ್ನೊಂದು ಎಚ್ಚರಿಕೆ. ಬೂನ್‌ಗೆ ಆಗ ತೊಂಬತ್ತು ವರ್ಷ ಎಂದು ಹಾರ್ಡಿಂಗ್ ಬರೆದಿದ್ದಾನೆ. ಬೂನ್ ಹುಟ್ಟಿದ್ದು 1734ರಲ್ಲಿ, ಅಂದರೆ 85. ಕಣ್ಣಾರೆ ಕಂಡದ್ದನ್ನು ಹೇಳುವಾಗ ಹಾರ್ಡಿಂಗ್‌ನನ್ನು ನಂಬಿ. ಸಂಖ್ಯೆಗಳನ್ನು ಬೇರೆ ದಾಖಲೆಗೆ ಹೋಲಿಸಿಕೊಳ್ಳಿ.

ಅಚ್ಚಿನಮನೆ

ಪೂರ್ಣಾಕೃತಿಯ ಬಗ್ಗೆ. ಹಾರ್ಡಿಂಗ್ ಆ ತಲೆಯನ್ನಿಟ್ಟುಕೊಂಡು ನಿಂತ ಬೂನ್‌ನ ದೊಡ್ಡ ಚಿತ್ರವೊಂದನ್ನು ಬರೆದ. ಅದನ್ನು ನೋಡಿ ಜೇಮ್ಸ್ ಓಟೊ ಲೂಯಿಸ್ 1820ರಲ್ಲೇ ಸೇಂಟ್ ಲೂಯಿಸ್‌ನಲ್ಲಿ ತಾಮ್ರದ ತಗಡಿನ ಮೇಲೆ ಕೊರೆದ. ಮುಂದೆ ಮೂಲನಿವಾಸಿ ನಾಯಕರ ಚಿತ್ರಗಳಿಂದ ಹೆಸರಾದದ್ದು ಇದೇ ಲೂಯಿಸ್. ದೊಡ್ಡ ತೈಲಚಿತ್ರ ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟ್‌ಗೆ ಹೋಗಿ, ಅಲ್ಲಿ ನೇತುಹಾಕಿದ ಜಾಗದಲ್ಲೇ ಹಾಳಾಯಿತು. ತಲೆಯ ಭಾಗವನ್ನು ಮಾತ್ರ ಕತ್ತರಿಸಿ ಬೇರೆ ಬಟ್ಟೆಗೆ ಅಂಟಿಸಿ ಉಳಿಸಿಕೊಂಡರು. ಆದ್ದರಿಂದ ಆ ದೊಡ್ಡ ಚಿತ್ರದಲ್ಲಿ ಮೈ, ಉಡುಪು, ನಾಯಿ ಹೇಗಿದ್ದವು ಎಂಬುದಕ್ಕೆ ಈಗ ಅಚ್ಚೇ ಸಾಕ್ಷಿ.

ಆ ಸಾಕ್ಷಿಗೆ ಮಿತಿ ಇದೆ. ಲೂಯಿಸ್ ಬಳಸಿದ್ದು ಚುಕ್ಕಿ ಕೊರೆತ: ಸೂಜಿಯಿಂದ ಸಾವಿರಾರು ಚುಕ್ಕಿ ಹಾಕಿ, ದಟ್ಟ ಮಾಡಿದಲ್ಲಿ ನೆರಳು, ವಿರಳ ಮಾಡಿದಲ್ಲಿ ಬೆಳಕು. ಮುಖದ ನಯವಾದ ಏರಿಳಿತಕ್ಕೆ ಇದು ಒಳ್ಳೆಯ ವಿಧಾನ. ಆದರೆ ತಾಮ್ರ ಮೆತ್ತಗಿನ ಲೋಹ. ಶಾಯಿ ಒರೆಸುವ ಪ್ರತಿ ಸಲವೂ ತಗಡು ಸವೆಯುತ್ತದೆ; ತೆಳು ಚುಕ್ಕಿಗಳು ಮೊದಲು ಮಾಯವಾಗುತ್ತವೆ. ಕೊನೆಯ ಪ್ರತಿಗಳಲ್ಲಿ ಕೆನ್ನೆ ಬೋಳಾಗಿ, ಕಣ್ಣು ಮೂಗು ಮಾತ್ರ ಕಪ್ಪಾಗಿ ಉಳಿದು, ಮನುಷ್ಯ ಇದ್ದದ್ದಕ್ಕಿಂತ ಕಠೋರವಾಗಿ ಕಾಣುತ್ತಾನೆ. ಎರಡನೆಯದು, ಅಚ್ಚು ಎಡಬಲ ತಿರುಗಿಸುತ್ತದೆ. ಕೊರೆಯುವವರು ಕನ್ನಡಿ ಇಟ್ಟುಕೊಂಡು ತಗಡಿನ ಮೇಲೇ ತಿರುಗಿಸಿ ಕೊರೆದಿದ್ದರೆ ಸರಿ, ಇಲ್ಲವಾದರೆ ಬಂದೂಕು ಹಿಡಿದ ಕೈ ಬದಲಾಗುತ್ತದೆ. ಯಾವುದೇ ಅಚ್ಚನ್ನು ಹಿಡಿದು 'ಈತ ಎಡಚ' ಎಂದು ತೀರ್ಮಾನಿಸುವ ಮುಂಚೆ ಗುಂಡಿಗಳು ಯಾವ ಬದಿಗಿವೆ, ಬಂದೂಕಿನ ಚಕಮಕಿ ಕಲ್ಲಿನ ಕುದುರೆ (ಕಲ್ಲು ಬಡಿದು ಕಿಡಿ ಹಾರಿಸುವ ಕೀಲು) ಯಾವ ಬದಿಗಿದೆ ನೋಡಿ. ಸಾಮಾನ್ಯ ಬಂದೂಕಿನಲ್ಲಿ ಅದು ಗುರಿಯಿಡುವವನ ಬಲಕ್ಕಿರುತ್ತದೆ. ಎಡಕ್ಕೆ ಕಂಡರೆ ಚಿತ್ರ ಮಗುಚಿದೆ ಎಂದೇ ಅನುಮಾನಿಸಬೇಕು.

ಓದುಗ_ಧಾರವಾಡ

ಮಧ್ಯೆ ಒಂದು ಪ್ರಶ್ನೆ. ಬೂನ್ ಅಂದರೆ ಎಲ್ಲರಿಗೂ ನೆನಪಾಗುವ ಆ ಪಟ್ಟೆಬಾಲದ ರಕೂನ್ ಚರ್ಮದ ಟೋಪಿ ಈ ಚಿತ್ರಗಳಲ್ಲಿ ಯಾಕಿಲ್ಲ?

ಕಾವಿಬಣ್ಣ

ಬೂನ್ ಆ ಟೋಪಿ ಹಾಕುತ್ತಿರಲಿಲ್ಲ. ಆತನದು ಅಗಲ ಅಂಚಿನ ಉಣ್ಣೆಗಟ್ಟಿನ ಟೋಪಿ. ಬಾಲದ ಟೋಪಿ 19ನೇ ಶತಮಾನದ ರಂಗಭೂಮಿಯಲ್ಲಿ ಕೆಂಟಕಿ ಬೇಟೆಗಾರನ ವೇಷವಾಯಿತು. 1960ರ ದಶಕದ ಟಿವಿ ಧಾರಾವಾಹಿ ಅದನ್ನು ಬೂನ್ ತಲೆಗೆ ಗಟ್ಟಿಯಾಗಿ ಕೂರಿಸಿತು. ಆದ್ದರಿಂದ ಎಲ್ಲಾದರೂ 'ಹಳೆಯ ಬೂನ್ ಭಾವಚಿತ್ರ' ಎಂದು ಬಾಲದ ಟೋಪಿಯ ಚಿತ್ರ ಮಾರಾಟಕ್ಕೆ ಬಂದರೆ, ಅದನ್ನು ಬರೆದವರು ಕಣ್ಣಮುಂದೆ ಇಟ್ಟುಕೊಂಡದ್ದು ಬೂನ್ ಅಲ್ಲ, ವೇಷ.

ಸರೇಸು

ಎರಡನೇ ಪ್ರಶ್ನೆಗೆ ಬರುತ್ತೇನೆ, ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಎದುರಿಗೆ ಕೂರಿಸಿ ಬರೆದ ತಲೆಯಲ್ಲಿ ಮೊದಲು ಕಾಣುವುದು ಹುಡುಕಾಟ. ಕಣ್ಣಿನ ರೆಪ್ಪೆಯ ಗೆರೆ ಒಂದು ಕಡೆ ಇದ್ದು, ಅದರ ಮೇಲೆ ಎರಡು ಮಿಲಿಮೀಟರ್ ಸರಿಸಿ ಇನ್ನೊಂದು. ಕಿವಿಯ ಜಾಗ ಬದಲಾಗಿರುವುದು. ಗದ್ದದ ಅಂಚನ್ನು ಹಿನ್ನೆಲೆಯ ಬಣ್ಣದಿಂದ ಒಳಕ್ಕೆ ಕತ್ತರಿಸಿರುವುದು. ಎಣ್ಣೆಬಣ್ಣ ವರ್ಷ ಕಳೆದಂತೆ ಸ್ವಲ್ಪ ಪಾರದರ್ಶಕವಾಗುವುದರಿಂದ ಇಂಥ ತಿದ್ದುಪಡಿ ಬರಿಗಣ್ಣಿಗೇ ನೆರಳಿನಂತೆ ಕಾಣಬಹುದು. ನಕಲು ಮಾಡುವವನಿಗೆ ಉತ್ತರ ಮೊದಲೇ ಗೊತ್ತು. ಅವನ ಅಂಚುಗಳು ಒಂದೇ ಸಲಕ್ಕೆ ಸರಿಯಾಗಿ ಕೂತಿರುತ್ತವೆ.

ಎರಡನೆಯದು ಒದ್ದೆ ಮೇಲೆ ಒದ್ದೆ. ಕೂತವರು ದಣಿಯುತ್ತಾರೆ, ಬೆಳಕು ಸರಿಯುತ್ತದೆ, ಪದರ ಒಣಗಲಿ ಎಂದು ಕಾಯಲು ಸಮಯವಿಲ್ಲ. ಕೆನ್ನೆಯ ಕೆಂಪು ಹಣೆಯ ಹಳದಿಯೊಳಗೆ ಕುಂಚದ ಗೀರಿನಲ್ಲೇ ಎಳೆದುಕೊಂಡು ಹೋಗಿರುತ್ತದೆ. ಮನೆಯಲ್ಲಿ ಕೂತು ಮಾಡಿದ ಪ್ರತಿಯಲ್ಲಿ ಪದರಗಳು ಬಿಡಿಬಿಡಿಯಾಗಿ, ಮೇಲೆ ತೆಳು ಲೇಪನದ ನೆರಳುಗಳು ಬಂದಿರುತ್ತವೆ.

ಮೂರನೆಯದು ಬಿಟ್ಟ ಜಾಗ. ತಲೆಯಲ್ಲಿ ಎಲ್ಲ ಶ್ರಮ, ಭುಜದಲ್ಲಿ ನಾಲ್ಕು ಗೀರು, ಮೂಲೆಗಳಲ್ಲಿ ಅಸ್ತರಿನ (ಚಿತ್ರ ಬರೆಯುವ ಮೊದಲು ಬಟ್ಟೆಗೆ ಬಳಿಯುವ ತಳಪದರದ) ಬಣ್ಣವೇ ಹಾಗೇ. ಪೂರ್ತಿಯಾಗದ ಚಿತ್ರದಲ್ಲಿ ಇದನ್ನು ಕೊರತೆ ಎಂದು ನೋಡಬಾರದು. ಬರೆಯುವವನು ಯಾವುದನ್ನು ಮೊದಲು ಹಿಡಿದುಕೊಂಡ ಎಂದು ಹೇಳುವ ಜಾಗವೇ ಅದು.

ಇವು ಮೂರೂ ಸೂಚನೆ ಮಾತ್ರ. ಒಬ್ಬನೇ ಕಲಾವಿದ ತನ್ನದೇ ತಲೆಯನ್ನು ಮತ್ತೆ ಬರೆಯುವಾಗಲೂ ಮನಸ್ಸು ಬದಲಿಸಬಹುದು. ಅದಕ್ಕೇ ಯಂತ್ರಗಳ ಸಹಾಯ:

ಎಕ್ಸ್‌ರೇಯಲ್ಲಿ ಸೀಸದ ಸಫೇದ (ಸೀಸದಿಂದ ಮಾಡಿದ ಬಿಳಿ ಬಣ್ಣ) ಬಿಳಿಯಾಗಿ ಕಾಣುತ್ತದೆ, ಕಾರಣ ಸೀಸ ಕಿರಣಗಳನ್ನು ತಡೆಯುತ್ತದೆ. ಹಣೆ, ಮೂಗಿನ ದಂಡ, ಬಿಳಿಕೂದಲು ಮೊದಲ ಪದರದಲ್ಲಿ ಎಲ್ಲಿದ್ದವು ಎಂಬುದು ಅದರಲ್ಲಿ ಸಿಗುತ್ತದೆ. ಬಟ್ಟೆಯ ಅಂಚಿನಲ್ಲಿ ನೂಲುಗಳು ಅಲೆಯಲೆಯಾಗಿ ಎಳೆದುಕೊಂಡಿದ್ದರೆ, ಅಸ್ತರು ಹಾಕುವಾಗ ಮೊಳೆ ಹೊಡೆದ ಮೂಲ ಅಂಚು ಅಲ್ಲೇ ಎಂದರ್ಥ. ಒಂದು ಬದಿಯಲ್ಲಿ ಅಲೆ ಇಲ್ಲದಿದ್ದರೆ ಆ ಬದಿ ಕತ್ತರಿಸಿರಬಹುದು. ದೊಡ್ಡ ಥಾನಿನಿಂದ ಕತ್ತರಿಸಿಕೊಂಡ ಸಿದ್ಧ ಕ್ಯಾನ್ವಾಸ್ ಆಗಿರಲೂಬಹುದು. ಇನ್‌ಫ್ರಾರೆಡ್‌ನಲ್ಲಿ ಇದ್ದಿಲು, ಸೀಸದಕಡ್ಡಿಯ ಗೆರೆ ಕಾಣುತ್ತದೆ. ಕಾವಿ ಅಥವಾ ಸೀಮೆಸುಣ್ಣದಿಂದ ಎಳೆದದ್ದು ಕಾಣುವುದಿಲ್ಲ. 'ಇನ್‌ಫ್ರಾರೆಡ್‌ನಲ್ಲಿ ಏನೂ ಕಾಣಲಿಲ್ಲ, ಹಾಗಾದರೆ ರೇಖಾಚಿತ್ರವಿಲ್ಲದೆ ನೇರ ಬರೆದ' ಎಂಬ ತೀರ್ಮಾನ ತಪ್ಪಾಗುವುದು ಇಲ್ಲೇ.

365 ನ್ಯಾನೋಮೀಟರಿನ ನೇರಳಾತೀತ ದೀಪದಡಿ ಹಳೆಯ ರಾಳದ ಮೆರುಗೆಣ್ಣೆ ಹಸಿರು ಮಂಜಿನಂತೆ ಹೊಳೆಯುತ್ತದೆ. ಅದರ ಮೇಲೆ ಆಮೇಲೆ ಹಚ್ಚಿದ ತೇಪೆಗಳು ಕಡುನೇರಳೆ ಕಲೆಗಳಾಗಿ ಏಳುತ್ತವೆ. ತೇಪೆಯ ಮೇಲೆ ಮತ್ತೊಂದು ದಪ್ಪ ಮೆರುಗೆಣ್ಣೆ ಬಿದ್ದಿದ್ದರೆ ಮಾತ್ರ ಮೋಸ ಹೋಗುತ್ತೀರಿ, ಎಲ್ಲ ಸಮನಾಗಿ ಹಸಿರು.

ಓದುಗ_ಧಾರವಾಡ

ಬಣ್ಣದಿಂದಲೇ ಕಾಲ ಹೇಳಲು ಬರುವುದಿಲ್ಲವೇ? 1820ರಲ್ಲಿ ಇಲ್ಲದ ಬಣ್ಣ ಸಿಕ್ಕರೆ ಮುಗಿಯಿತಲ್ಲ.

ಸರೇಸು

ಬರುತ್ತದೆ, ಆದರೆ ಒಂದೇ ದಿಕ್ಕಿಗೆ. ಟೈಟಾನಿಯಂ ಬಿಳಿ ಮಾರುಕಟ್ಟೆಗೆ ಬಂದದ್ದು 1920ರ ಹೊತ್ತಿಗೆ. ಸತುವಿನ ಬಿಳಿ ಎಣ್ಣೆಬಣ್ಣವಾಗಿ ಚಾಲ್ತಿಗೆ ಬಂದದ್ದು 1840ರ ದಶಕದ ನಂತರ. ವಿರಿಡಿಯನ್ ಹಸಿರಿಗೆ ಪೇಟೆಂಟ್ 1859. ಕೃತಕ ಅಲ್ಟ್ರಾಮರೀನ್ ನೀಲಿ 1828ರ ಈಚೆಗೆ. ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್‌ರೇ ಹಾಯಿಸಿ ಯಾವ ಧಾತುಗಳಿವೆ ಎಂದು ಹೇಳುವುದು) ಹಿಡಿದರೆ ಟೈಟಾನಿಯಂ, ಸತು, ಕ್ರೋಮಿಯಂ ತೋರಿಸುತ್ತದೆ. ಆದರೆ ಅದು ಮೇಲಿನ ಪದರ, ಕೆಳಗಿನ ಪದರ, ಅಸ್ತರು ಎಲ್ಲವನ್ನೂ ಒಟ್ಟಿಗೆ ಓದುತ್ತದೆ. ಹಣೆಯ ಮೇಲೆ ಟೈಟಾನಿಯಂ ಸಿಕ್ಕಿತು ಅಂದರೆ ಚಿತ್ರ ಖೋಟಾ ಎಂದಲ್ಲ, 20ನೇ ಶತಮಾನದ ತೇಪೆ ಇರಬಹುದು. ಅದೇ ಜಾಗವನ್ನು ನೇರಳಾತೀತದಲ್ಲಿ ನೋಡಿ, ಕಪ್ಪು ಕಲೆ ಇದ್ದರೆ ಉತ್ತರ ಸಿಕ್ಕಿತು. ಟೈಟಾನಿಯಂ ಅಸ್ತರಿನಲ್ಲೇ ಇದೆ, ಚಿತ್ರದ ಎಲ್ಲ ಕಡೆ ಇದೆ ಅಂದಾಗ ಮಾತ್ರ ಚಿತ್ರವೇ ಹೊಸದು.

1820ರ ಊರೂರು ತಿರುಗುವ ಭಾವಚಿತ್ರಕಾರನಲ್ಲಿ ಸಾಮಾನ್ಯವಾಗಿ ಸಿಗುವುದು ಸೀಸದ ಸಫೇದ, ಇಂಗಳೀಕ (ಕೆಂಪು), ಹಳದಿ ಓಕರ್ ಮಣ್ಣು, ಕಾವಿ, ಸುಟ್ಟ ಸಿಯೆನಾ (ಕೆಂಗಂದು ಮಣ್ಣು), ಅಂಬರ್ (ಕಡುಕಂದು ಮಣ್ಣು), ಎಲುಬಿನ ಕಪ್ಪು, ಪ್ರಷ್ಯನ್ ನೀಲಿ, ಒಂದು ಕೆಂಪು ಲೇಕ್ (ರಂಗಿನಿಂದ ಮಾಡಿದ ಪಾರದರ್ಶಕ ಬಣ್ಣ). ಬಣ್ಣ ಒಯ್ಯುತ್ತಿದ್ದದ್ದು ಹಂದಿಯ ಮೂತ್ರಕೋಶದ ಪುಟ್ಟ ಚೀಲಗಳಲ್ಲಿ. ಮೊಳೆಯಿಂದ ಚುಚ್ಚಿ, ಬೇಕಾದಷ್ಟು ಹಿಂಡಿ, ಅದೇ ಮೊಳೆಯಿಂದ ಮುಚ್ಚಬೇಕು. ಗಾಳಿ ಹೋದರೆ ಒಂದೆರಡು ವಾರದಲ್ಲಿ ಚೀಲವೇ ಗಟ್ಟಿ. ತಗಡಿನ ಟ್ಯೂಬ್ ಬಂದದ್ದು 1841ರಲ್ಲಿ. ಅದನ್ನು ಕಂಡುಹಿಡಿದ ಜಾನ್ ಗೋಫ್ ರ‍್ಯಾಂಡ್ ಸ್ವತಃ ಅಮೆರಿಕದ ಭಾವಚಿತ್ರಕಾರ. ದೂರ ಹೋಗಿ ಬರೆಯುವವರ ಬಣ್ಣಗಳು ಯಾಕೆ ಇಷ್ಟು ಕಡಿಮೆ ಎಂಬುದಕ್ಕೆ ಆ ಚೀಲಗಳೂ ಒಂದು ಕಾರಣ.

ನೆಲಹುಡುಕು

ವಸ್ತುಸಂಗ್ರಹಾಲಯದ ಫಲಕದ ವಿಷಯ ಇಲ್ಲಿ ಯಾರೂ ಎತ್ತಿಲ್ಲ. ಈ ಚಿತ್ರಕ್ಕೆ ಕನ್ನಡದಲ್ಲಿ ಟಿಪ್ಪಣಿ ಬರೆಯುವಾಗ ಹಲವರು 'ಗಡಿನಾಡಿನ ನಾಯಕ' ಎಂದು ಬರೆಯುತ್ತಾರೆ. ನಮ್ಮ ಓದುಗರಿಗೆ ಗಡಿ ಅಂದರೆ ಎರಡು ರಾಜ್ಯದ ನಡುವಿನ ಗೆರೆ, ಎರಡೂ ಕಡೆ ಊರಿದೆ, ಸರ್ಕಾರವಿದೆ. ಅಮೆರಿಕದ ಫ್ರಾಂಟಿಯರ್ ಹಾಗಲ್ಲ. ಅದು ವಲಸಿಗರು ಮುಂದೊತ್ತಿದಂತೆ ಸರಿಯುವ ಅಂಚು, ಮತ್ತು ಆ ಅಂಚಿನಾಚೆ ಇದ್ದದ್ದು ಬೇರೆಯವರ ನೆಲ. 'ಫ್ರಾಂಟಿಯರ್' ಎಂದೇ ಬರೆದು ಒಂದು ಸಾಲಿನಲ್ಲಿ ವಿವರಿಸುವುದು ವಾಸಿ. ವಲಸಿಗ ಅನ್ನುವುದೂ ಸಾಲದು, 'ನೆಲ ಹಿಡಿದು ನೆಲೆಸಿದವರು' ಅಂದರೆ ಅರ್ಥ ಪೂರ್ತಿಯಾಗುತ್ತದೆ.

ಫಲಕದಲ್ಲಿ ಇರಲೇಬೇಕಾದ್ದು ಇಷ್ಟು. 1775ರ ಮಾರ್ಚ್‌ನಲ್ಲಿ ರಿಚರ್ಡ್ ಹೆಂಡರ್ಸನ್‌ನ ಟ್ರಾನ್ಸಿಲ್ವೇನಿಯಾ ಎಂಬ ಜಮೀನು ವ್ಯಾಪಾರದ ಕಂಪನಿ ಸೈಕಮೋರ್ ಶೋಲ್ಸ್ ಎಂಬಲ್ಲಿ ಚೆರೋಕಿ ಮೂಲನಿವಾಸಿಗಳ ಕೆಲ ನಾಯಕರಿಂದ ಕೆಂಟಕಿಯ ದೊಡ್ಡ ಭಾಗವನ್ನು ಕೊಂಡುಕೊಂಡೆ ಎಂದಿತು. ಡ್ರ್ಯಾಗಿಂಗ್ ಕನೂ ಎಂಬ ಚೆರೋಕಿ ನಾಯಕ ಅಲ್ಲೇ ವಿರೋಧಿಸಿದ. ಅದೇ ನೆಲದಲ್ಲಿ ಬೇಟೆಯಾಡುತ್ತಿದ್ದ ಶಾನಿ ಎಂಬ ಇನ್ನೊಂದು ಮೂಲನಿವಾಸಿ ಜನರನ್ನು ಯಾರೂ ಕೇಳಲೇ ಇಲ್ಲ. ಬೂನ್ ಸುಮಾರು 30 ಜನ ಕೊಡಲಿಯವರನ್ನು ಕಟ್ಟಿಕೊಂಡು ಕಂಬರ್ಲೆಂಡ್ ಗ್ಯಾಪ್ ಎಂಬ ಬೆಟ್ಟದ ಕಣಿವೆದಾರಿ ದಾಟಿ ದಾರಿ ಕಡಿದದ್ದು ಆ ಕಂಪನಿಗಾಗಿ. 1778ರಲ್ಲಿ ಉಪ್ಪು ಕಾಯಿಸುವಲ್ಲಿ ಶಾನಿಗಳು ಆತನನ್ನು ಸೆರೆಹಿಡಿದರು. ಬ್ಲ್ಯಾಕ್‌ಫಿಶ್ ಎಂಬ ನಾಯಕ ಮಗನಾಗಿ ದತ್ತು ತೆಗೆದುಕೊಂಡ. ಜೂನ್‌ನಲ್ಲಿ ಬೂನ್ ತಪ್ಪಿಸಿಕೊಂಡ, ಸೆಪ್ಟೆಂಬರ್‌ನಲ್ಲಿ ಅದೇ ಬ್ಲ್ಯಾಕ್‌ಫಿಶ್ ಬೂನ್ಸ್‌ಬರೋ ಕೋಟೆಯನ್ನು ಮುತ್ತಿದ. ಕೆಂಟಕಿಯಲ್ಲಿ ಬೂನ್ ಗುಲಾಮರನ್ನು ಇಟ್ಟುಕೊಂಡಿದ್ದ ಎಂಬುದೂ ದಾಖಲೆಯಲ್ಲಿದೆ. ಅದನ್ನು ಬಿಟ್ಟು ಬರೆದ ಟಿಪ್ಪಣಿ ಅರ್ಧ ಟಿಪ್ಪಣಿ.

ಇಷ್ಟು ನೆಲ ಅಳೆದವನ ಹಕ್ಕುಪತ್ರಗಳು ಬಹುತೇಕ ನಿಲ್ಲಲಿಲ್ಲ. 1799ರಲ್ಲಿ ಆಗ ಸ್ಪೇನ್ ಕೈಯಲ್ಲಿದ್ದ ಮಿಸೌರಿಗೆ ಹೋದ. 1803ರಲ್ಲಿ ಅಮೆರಿಕ ಆ ಪ್ರದೇಶ ಕೊಂಡ ಮೇಲೆ ಅಲ್ಲಿನ ಜಮೀನೂ ಕೈಬಿಟ್ಟಿತು. 1814ರಲ್ಲಿ ಸಂಸತ್ತು ಒಂದಿಷ್ಟು ಮರಳಿಸಿದಾಗ ಅದನ್ನು ಮಾರಿ ಸಾಲ ತೀರಿಸಿದ. ಹಾರ್ಡಿಂಗ್ ಎದುರು ಕೂತವನು ಈ ಮುದುಕ.

ಬಣ್ಣದಬಟ್ಟಲು

ಹಳೇಪಟ ಅವರೇ, ನಿಮ್ಮ ಮೂರನೇ ಪ್ರಶ್ನೆ ಹಿಂದೆ ಉಳಿಯಿತು. ತಲೆಯ ಅಭ್ಯಾಸ ನಕಲಿಗೆ 40 × 50 ಸೆಂ.ಮೀ. ಸಾಕು. ಭಾವಚಿತ್ರದ ಹಳೆಯ ಅಳತೆಯಲ್ಲೇ ಬೇಕೆಂದರೆ 30 × 25 ಅಂಗುಲ.

ಬಟ್ಟೆ: ಮಧ್ಯಮ ನೇಯ್ಗೆಯ ಲಿನನ್. ಚೌಕಟ್ಟಿಗೆ ಎಳೆದು ಕಟ್ಟಿ ಸರೇಸು (ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟು) ಹಾಕಿ: ಲೀಟರ್ ನೀರಿಗೆ 70 ಗ್ರಾಂ. ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಬೆಳಿಗ್ಗೆ ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟು ಬಿಸಿ ಮಾಡಿ, 60 ಡಿಗ್ರಿ ದಾಟಬಾರದು. ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ. ಒಣಗಿದ ಮೇಲೆ ಗೊತ್ತೇ ಆಗುವುದಿಲ್ಲ, ಎರಡು ವರ್ಷದ ನಂತರ ಬಣ್ಣ ಹೊಪ್ಪಳೆ ಎದ್ದಾಗ ಗೊತ್ತಾಗುತ್ತದೆ. ತಣ್ಣಗಾದಾಗ ಅಲುಗುವ ಹಲ್ವದಷ್ಟು ಗಟ್ಟಿ ಬರಬೇಕು. ಒಂದೇ ತೆಳು ಕೋಟು. ಒಂದು ದಿನ ಒಣಗಿಸಿ, ಎದ್ದ ನೂಲಿನ ಎಳೆಗಳನ್ನು ಸಣ್ಣ ಉಪ್ಪುಕಾಗದದಿಂದ ಸವರಿ, ಆಲ್ಕಿಡ್ ಅಸ್ತರು ಎರಡು ಕೋಟು. ಎರಡನೆಯದಕ್ಕೆ ಅಂಬರ್ ಚೂರು ಸೇರಿಸಿ ಬೂದುಗಂದು ಮಾಡಿಕೊಳ್ಳಿ. ಅಪ್ಪಟ ಬಿಳಿ ಅಸ್ತರಿನ ಮೇಲೆ ಮುದುಕನ ಚರ್ಮದ ನೆರಳು ಅಂದಾಜಿಗೆ ಸಿಗುವುದೇ ಇಲ್ಲ, ಎಲ್ಲ ಕಪ್ಪಾಗಿ ಕಾಣುತ್ತದೆ.

ಬಣ್ಣ: ಬಿಳಿ 40 ಮಿ.ಲೀ., ಹಳದಿ ಓಕರ್ 10, ಕಾವಿ 5, ಅಂಬರ್ 10, ಎಲುಬಿನ ಕಪ್ಪು 10, ಇಂಗಳೀಕದ ಬದಲು ತಿಳಿ ಕ್ಯಾಡ್ಮಿಯಂ ಕೆಂಪು 3, ಪ್ರಷ್ಯನ್ ನೀಲಿ ಬೆಂಕಿಕಡ್ಡಿ ತುದಿಯಷ್ಟು.

ಹೆಜ್ಜೆಗಳು ಹೀಗೆ. ಅಂಬರ್ ಅನ್ನು ಟರ್ಪೆಂಟೈನ್‌ನಲ್ಲಿ ತೆಳು ಮಾಡಿ ತಲೆಬುರುಡೆಯ ಆಕಾರ, ಕಣ್ಣಿನ ಗುಳಿ, ಮೂಗಿನಡಿಯ ನೆರಳು ಹಾಕಿ. ಮರುದಿನ ಬಿಳಿ, ಕಪ್ಪು, ಓಕರ್ ಮೂರರಲ್ಲೇ ಮಂಕು ಪದರ. ಅದು ಕೈಗೆ ಅಂಟದಷ್ಟು ಒಣಗಿದ ಮೇಲೆ ಚರ್ಮದ ಬಣ್ಣ: ಬಿಳಿ 6 ಪಾಲು, ಓಕರ್ 2, ಕೆಂಪು 1ಕ್ಕೂ ಕಡಿಮೆ. ಹಣೆಗೆ ಕೆಂಪು ಬೇಡ; ಮೂಗಿನ ತುದಿ, ಕಿವಿ, ಕಣ್ಣಿನ ಕೆಳರೆಪ್ಪೆಗೆ ಮಾತ್ರ. ಕೆನ್ನೆಯ ಗುಳಿಗೆ ಕಪ್ಪು ಮತ್ತು ಓಕರ್ ಸೇರಿಸಿದರೆ ಹಸಿರು ಛಾಯೆಯ ಬೂದು ಬರುತ್ತದೆ, ಪಕ್ಕದ ಬೆಚ್ಚನೆಯ ಬಣ್ಣದೆದುರು ಅದು ತಾನೇ ಒಳಕ್ಕೆ ಹೋಗುತ್ತದೆ. ಅಲ್ಲಿ ಬರಿ ಅಂಬರ್ ಹಚ್ಚಿದರೆ ಗುಳಿ ಕಾಣದು, ಕೊಳೆ ಮೆತ್ತಿದಂತಾಗುತ್ತದೆ.

ಕೂದಲು ಬಿಳಿ ಎಂದು ಬಿಳಿ ತೆಗೆದುಕೊಳ್ಳಬೇಡಿ. ಮೊದಲು ಬೆಚ್ಚನೆಯ ಬೂದು ದ್ರವ್ಯರಾಶಿ, ನೆತ್ತಿಯ ಹತ್ತಿರ ಚರ್ಮ ಇಣುಕುವಂತೆ ತೆಳುವಾಗಿ. ಬೆಳಕು ಬೀಳುವ ಬದಿಗೆ ದಪ್ಪ ಬಿಳಿಯಲ್ಲಿ ಏಳೆಂಟು ಗೀರು ಸಾಕು. ಒಂಬತ್ತನೆಯದು ಹಾಕಿದಿರೋ ಹತ್ತಿಯ ಉಂಡೆಯಾಗುತ್ತದೆ.

ಕೆಲಸ ಮುಗಿದ ಮೇಲೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಲ್ಲಿ ಆ ಬಿಸಿ ಹೊರಹೋಗದೆ ತಾನಾಗಿ ಬೆಂಕಿ ಹತ್ತಿದ ಉದಾಹರಣೆಗಳು ಎಷ್ಟೋ. ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ.

ಹಳೇಪಟ

ಬಿಳಿಗೆ ಸತು ಮತ್ತು ಟೈಟಾನಿಯಂ ಮಿಶ್ರಣದ ಟ್ಯೂಬ್ ನಡೆಯುತ್ತದೆಯೇ? ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಅದೇ.

ಸರೇಸು

ಬೇಡ. ಸತುವಿನ ಬಿಳಿ ಎಣ್ಣೆಯ ಜೊತೆ ಕ್ರಿಯೆ ನಡೆಸಿ ಸತುವಿನ ಸಾಬೂನು ಕಟ್ಟುತ್ತದೆ. ಪದರ ಗಾಜಿನಂತೆ ಬಿರುಸಾಗಿ ಕೆಳಗಿನ ಪದರದಿಂದ ಹಾಳೆಯಂತೆ ಬಿಡುತ್ತದೆ. ಟೈಟಾನಿಯಂ ಒಂದೇ ತೆಗೆದುಕೊಳ್ಳಿ, ಅದರ ತಣ್ಣನೆಯ ಅಬ್ಬರ ಇಳಿಸಲು ಐದರಲ್ಲಿ ಒಂದು ಪಾಲು ಸೀಮೆಸುಣ್ಣದ ಪುಡಿ, ಎರಡು ಹನಿ ಅಗಸೆ ಎಣ್ಣೆ ಸೇರಿಸಿ ಅರೆಯಿರಿ. ಸೀಸದ ಸಫೇದದ ಎಳೆಯುವ ಗುಣ ಪೂರ್ತಿ ಬರದಿದ್ದರೂ ಮುಖದ ಮೇಲೆ ಕೈ ಹಿಡಿತಕ್ಕೆ ಬರುತ್ತದೆ. ಸೀಸದ್ದೇ ಬಳಸುವವರು ಟ್ಯೂಬ್‌ನಲ್ಲಿ ಬಂದದ್ದನ್ನು ಕೈಗವಸು ಹಾಕಿಕೊಂಡು ಬಳಸಲಿ. ಪುಡಿ ಮುಟ್ಟಬಾರದು, ಒಣಗಿದ ಮೇಲೆ ಉಪ್ಪುಕಾಗದ ಹಚ್ಚಲೇಬಾರದು.

ಬಣ್ಣದಬಟ್ಟಲು ಅವರ ಪಟ್ಟಿಗೆ ಒಂದು ತಿದ್ದುಪಡಿ. ಹಿನ್ನೆಲೆಗೆ ಎಲುಬಿನ ಕಪ್ಪು ದಪ್ಪವಾಗಿ ಹಾಕಿ, ಅದು ಒಣಗುವ ಮೊದಲೇ ಕೂದಲಿನ ಬಿಳಿಯನ್ನು ಅದರ ಮೇಲೆ ಎಳೆಯುವವರಿದ್ದಾರೆ. ಎಲುಬಿನ ಕಪ್ಪು ತೀರಾ ನಿಧಾನ ಒಣಗುವ ಬಣ್ಣ. ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಜಾರುತ್ತಿದ್ದರೆ ಅಗಲ ಬಾಯಿಯ ಬಿರುಕು ಬಿಡುತ್ತದೆ. ಕಪ್ಪಿಗೆ ಅರ್ಧದಷ್ಟು ಅಂಬರ್ ಬೆರೆಸಿ. ಅದರಲ್ಲಿರುವ ಮ್ಯಾಂಗನೀಸ್ ಬೇಗ ಒಣಗಿಸುತ್ತದೆ.

ಹಳೆಯ ಚಿತ್ರಗಳಲ್ಲೂ ಇದೇ ಗುರುತು. ಸೂಕ್ಷ್ಮವಾಗಿ, ಚೂಪಾದ ಅಂಚಿನಿಂದ, ಅಸ್ತರಿನವರೆಗೂ ಇಳಿದ ಬಿರುಕು ವಯಸ್ಸಿನದು. ಅಗಲವಾಗಿ, ಅಂಚು ದುಂಡಾಗಿ, ಕೆಳಗಿನ ಬಣ್ಣ ಇಣುಕುವ ಬಿರುಕು ಬರೆದವನ ಅವಸರದ್ದು. ಕಪ್ಪು ಕೋಟಿನಲ್ಲಿ ಎರಡನೆಯದು ಹೆಚ್ಚು. ಚಿತ್ರದ ನಾಲ್ಕೂ ಬದಿಗೆ ಸಮಾನಾಂತರವಾಗಿ ಒಂದು ನೇರ ಬಿರುಕುಗೆರೆ ಓಡಿದ್ದರೆ ಅದು ಹಿಂದಿನ ಚೌಕಟ್ಟಿನ ಪಟ್ಟಿ ತಾಗಿದ ಗುರುತು.

ಚೌಕಟ್ಟು

ಹಿಂಬದಿಯ ಮಾತು ಬಂತಲ್ಲ, ಅಲ್ಲಿಂದ ಮುಂದುವರಿಸುತ್ತೇನೆ. 19ನೇ ಶತಮಾನದ ಭಾವಚಿತ್ರಗಳನ್ನು ಹಾಳು ಮಾಡಿದ್ದರಲ್ಲಿ ಕಾಲಕ್ಕಿಂತ ರಿಪೇರಿಯ ಪಾಲೇ ದೊಡ್ಡದು. ಬಟ್ಟೆ ಬಡವಾದಾಗ ಹಿಂದೆ ಹೊಸ ಬಟ್ಟೆ ಅಂಟಿಸುತ್ತಿದ್ದರು. ಹಿಟ್ಟಿನ ಅಂಟು ಹಾಕಿದರೆ ಮಳೆಗಾಲದ ತೇವಕ್ಕೆ ಉಬ್ಬಿ ಬೂಷ್ಟು. ಮೇಣ ಮತ್ತು ರಾಳ ಕರಗಿಸಿ ಇಸ್ತ್ರಿಪೆಟ್ಟಿಗೆ ಎಳೆದರೆ ಮೇಣ ಅಸ್ತರಿನೊಳಗೆ ಇಳಿದು ಬಣ್ಣ ಶಾಶ್ವತವಾಗಿ ಕಪ್ಪಾಗುತ್ತದೆ, ಬಿಸಿಗೆ ದಪ್ಪ ಗೀರುಗಳು ಚಪ್ಪಟೆ. ಮುದುಕನ ಕೂದಲಿನ ಆ ಏಳೆಂಟು ಗೀರುಗಳ ಉಬ್ಬು ಒಮ್ಮೆ ಹೋದರೆ ತಿರುಗಿ ತರುವ ಉಪಾಯವಿಲ್ಲ. 1970ರ ದಶಕದಿಂದ ಬೀವಾ 371 ಎಂಬ ಅಂಟು ಬಂದ ಮೇಲೆ ಕಡಿಮೆ ಬಿಸಿಯಲ್ಲಿ, ಬಣ್ಣದೊಳಗೆ ಇಳಿಯದಂತೆ ಕೆಲಸವಾಗುತ್ತದೆ. ಈಗಿನವರು ಸಾಧ್ಯವಾದರೆ ಅಂಟಿಸದೆ, ಹರಿದ ನೂಲನ್ನು ನೂಲಿಗೆ ಹೊಂದಿಸಿ ಕೂಡಿಸುತ್ತಾರೆ. ಅದೇ ಸರಿಯಾದ ದಾರಿ.

ಶುಚಿ ಮಾಡುವಾಗ ಮೊದಲು ಮೇಲಿನ ಹೊಗೆ, ದೂಳು, ಮೆರುಗೆಣ್ಣೆ ಆಮೇಲೆ. ಎಂಜಲು ತಾಗಿಸಿದ ಹತ್ತಿ ಇಂದಿಗೂ ಬಳಕೆಯಲ್ಲಿದೆ, ಅದರಲ್ಲಿರುವ ಕಿಣ್ವ ಜಿಡ್ಡನ್ನು ಬಿಡಿಸುತ್ತದೆ. ಮೆರುಗೆಣ್ಣೆ ತೆಗೆಯುವ ದ್ರಾವಣವನ್ನು ಮೊದಲು ಅಂಚಿನಲ್ಲಿ ಉಗುರಿನಗಲ ಜಾಗದಲ್ಲಿ ಪರೀಕ್ಷಿಸಬೇಕು, ಪ್ರತಿ ಬಣ್ಣಕ್ಕೂ ಬೇರೆಬೇರೆ. ಬಿಳಿಯಲ್ಲಿ ಸುರಕ್ಷಿತವಾದದ್ದು ಅಂಬರ್ ಕಂದಿನಲ್ಲಿ ಸುರಕ್ಷಿತವಲ್ಲ. ಹತ್ತಿಗೆ ಕಂದು ಬಂದರೆ ಅದು ಹಳೆಯ ಮೆರುಗೋ ಬರೆದವನ ನೆರಳಿನ ಲೇಪನವೋ ಎಂದು ನೋಡದೆ ಮುಂದುವರಿದವರಿಂದಲೇ ಎಷ್ಟೋ ಮುಖಗಳು ಬೊಂಬೆಯಂತೆ ಸಪಾಟಾಗಿವೆ. ನೈಸರ್ಗಿಕ ರಾಳ ದಶಕಗಳಲ್ಲಿ ಹಳದಿಯಾಗುತ್ತದೆ. ಹಾಗಾಗಿ ಈಗ ರೆಗಲ್‌ರೆಜ್, ಲ್ಯಾರೊಪಾಲ್‌ನಂಥ ಬೇಗ ಹಳದಿಯಾಗದ ರಾಳಗಳನ್ನು ಹಚ್ಚುತ್ತಾರೆ.

ಅಭ್ಯಾಸ ನಕಲನ್ನು ಮನೆಯಲ್ಲಿ ನೇತುಹಾಕುವವರಿಗೆ: ತೇವಾಂಶ 45ರಿಂದ 55 ಶೇಕಡಾ, ಬೆಳಕು 200 ಲಕ್ಸ್ ಎಂಬುದು ಸಂಗ್ರಹಾಲಯದ ಲೆಕ್ಕ. ಕರಾವಳಿಯ ಆಷಾಢದಲ್ಲಿ ಅದು ಆಗದ ಮಾತು. ತೇವ 85 ದಾಟಿದರೆ ಸರೇಸು ಮೆತ್ತಗಾಗಿ ಬಟ್ಟೆ ಕುಗ್ಗುತ್ತದೆ, ಬಣ್ಣಕ್ಕೆ ಕುಗ್ಗಲು ಬಾರದು, ಸಿಪ್ಪೆ ಏಳುತ್ತದೆ. ಹೊರಗೋಡೆಗೆ ನೇತುಹಾಕಬೇಡಿ. ಕೆಳಮೂಲೆಗಳಿಗೆ ಎರಡು ಕಾರ್ಕ್ ತುಂಡು ಅಂಟಿಸಿ ಗೋಡೆಯಿಂದ ಎರಡು ಸೆಂ.ಮೀ. ದೂರ ಇಡಿ, ಹಿಂಬದಿಗೆ ಗಟ್ಟಿ ರಟ್ಟು ತಿರುಪಿನಿಂದ ಕೂರಿಸಿ. ಬಟ್ಟೆ ಸಡಿಲವಾಯಿತೆಂದು ಮಳೆಯ ದಿನ ಮೂಲೆಯ ಬೆಣೆ (ಬಟ್ಟೆ ಬಿಗಿ ಮಾಡಲು ಹಿಂಬದಿಯ ಚೌಕಟ್ಟಿಗೆ ತೂರಿಸುವ ಮರದ ಚೂರು) ಬಡಿಯಬೇಡಿ; ಬೇಸಿಗೆಯಲ್ಲಿ ಅದೇ ಬಿಗಿತಕ್ಕೆ ಮೂಲೆಯಿಂದ ಓರೆ ಬಿರುಕು ಬರುತ್ತದೆ. ಬೆಣೆಗೆ ಸಣ್ಣ ದಾರ ಕಟ್ಟಿಡಿ. ಬಿದ್ದ ಬೆಣೆ ಬಟ್ಟೆಗೂ ಕೆಳಪಟ್ಟಿಗೂ ನಡುವೆ ಸಿಕ್ಕಿಕೊಂಡು ಮುಂದಕ್ಕೆ ಉಬ್ಬು ಎಬ್ಬಿಸುವುದು ತೀರಾ ಸಾಮಾನ್ಯ.

ಓದುಗ_ಧಾರವಾಡ

ವಾಷಿಂಗ್ಟನ್, ಬಾಸ್ಟನ್ ಕಡೆ ಇರುವ ನಮ್ಮವರು ಚಿತ್ರದ ಎದುರೇ ನಿಂತಾಗ ಏನನ್ನು ನೋಡಬೇಕು? ಅಲ್ಲಿ ಎಕ್ಸ್‌ರೇ ಇರುವುದಿಲ್ಲವಲ್ಲ.

ಕಾವಿಬಣ್ಣ

ಪೋರ್ಟ್ರೇಟ್ ಗ್ಯಾಲರಿಗೆ ಪ್ರವೇಶ ಉಚಿತ. ಬಾಸ್ಟನ್ ಸಂಸ್ಥೆ ಮುಖ್ಯವಾಗಿ ಸಂಶೋಧನಾ ಗ್ರಂಥಾಲಯ, ಎಲ್ಲವೂ ಗೋಡೆಯ ಮೇಲಿರುವುದಿಲ್ಲ. ಎರಡೂ ಕಡೆ ಹೋಗುವ ಮುಂಚೆ ಚಿತ್ರ ಪ್ರದರ್ಶನದಲ್ಲಿದೆಯೇ ಎಂದು ಕೇಳಿಕೊಳ್ಳಿ.

ಎದುರಿಗೆ ಹೋದ ತಕ್ಷಣ ಹತ್ತಿರ ಹೋಗಬೇಡಿ. ಮೂರು ಮೀಟರ್ ದೂರದಿಂದ ತಲೆ ಯಾವ ಕಡೆ ವಾಲಿದೆ ನೋಡಿ. ಆಮೇಲೆ ಒಂದು ಬದಿಗೆ ಸರಿದು, ದೀಪ ಬಟ್ಟೆಯ ಮೇಲೆ ಓರೆಯಾಗಿ ಹೊಳೆಯುವ ಜಾಗದಲ್ಲಿ ನಿಲ್ಲಿ; ಗೀರಿನ ಉಬ್ಬು, ತೇಪೆಯ ತಗ್ಗು, ಅಂಟಿಸಿದ ಬಟ್ಟೆಯ ನೇಯ್ಗೆ ಆಗ ಮೇಲೇಳುತ್ತವೆ. ಅದಾದ ಮೇಲೆ ಕಣ್ಣು, ಕೊನೆಗೆ ಕಿವಿ ಮತ್ತು ಗದ್ದದ ಅಂಚು. ಕಣ್ಣನ್ನು ಎಲ್ಲರೂ ಎಚ್ಚರಿಕೆಯಿಂದ ನಕಲು ಮಾಡುತ್ತಾರೆ, ಕಿವಿಯನ್ನು ಮರೆಯುತ್ತಾರೆ. ಎರಡೂ ಚಿತ್ರಗಳ ಫೋಟೋವನ್ನು ಒಂದೇ ಅಳತೆಗೆ ತಂದು ಕಿವಿ, ಮೂಗಿನ ಬುಡ, ಬಾಯಿಯ ಮೂಲೆ ಈ ಮೂರು ಚುಕ್ಕಿ ಕೂಡಿಸಿ. ತ್ರಿಕೋನ ಹೊಂದಿದರೆ ತಲೆಯನ್ನು ಅಳೆದು ಸಾಗಿಸಿದ್ದಾನೆ. ಸ್ವಲ್ಪ ಸ್ವಲ್ಪ ತಪ್ಪಿದರೆ ಕಣ್ಣಳತೆಯಲ್ಲಿ ಮತ್ತೆ ಬರೆದಿದ್ದಾನೆ. ಫೋಟೋ ಫ್ಲ್ಯಾಶ್ ಇಲ್ಲದೆ, ಚಿತ್ರದ ನಟ್ಟನಡುವಿಗೆ ನೇರ ನಿಂತು ತೆಗೆಯಿರಿ. ಕೆಳಗಿನಿಂದ ತೆಗೆದರೆ ಗದ್ದ ದೊಡ್ಡದಾಗಿ ಹಣೆ ಕುಗ್ಗುತ್ತದೆ, ತ್ರಿಕೋನದ ಲೆಕ್ಕವೇ ಕೆಡುತ್ತದೆ.

ಹಳೇಪಟ

ಎರಡರ ದೊಡ್ಡ ಅಳತೆಯ ಫೋಟೋಗಳನ್ನು ಇಟ್ಟುಕೊಂಡು ಕಿವಿಯಿಂದಲೇ ಶುರು ಮಾಡುತ್ತೇನೆ. ಅಳತೆ ಸಿಕ್ಕ ಮೇಲೆ ಮೂರು ಚುಕ್ಕಿಗಳ ಅಂತರವನ್ನು ಇದೇ ಎಳೆಯಲ್ಲಿ ಹಾಕುತ್ತೇನೆ. ಅಚ್ಚಿನ ಪ್ರತಿಯ ಬಂದೂಕಿನ ಬದಿಯನ್ನು ಅಚ್ಚಿನಮನೆ ಅವರು ನೋಡಿ ಹೇಳಿದರೆ, ತಿರುಗಿಸಬೇಕೋ ಬೇಡವೋ ತೀರ್ಮಾನಿಸಿ ಅದನ್ನೂ ಪಕ್ಕದಲ್ಲಿಟ್ಟು ಅಳೆಯಬಹುದು.